ಲ್ಯಾಪ್‌ಟಾಪ್ ಬಿಟ್ಟು ಪ್ರವಾಸ: ಫೋನ್ ಒಂದನ್ನೇ ನಂಬಿ ಹೊರಡುವವರ ಸಿದ್ಧತೆ

ರಜೆಗೆಂದು ಚೀಲ ತುಂಬುವಾಗ ಲ್ಯಾಪ್‌ಟಾಪ್ ಒಯ್ಯಬೇಕೇ ಬೇಡವೇ ಎಂಬ ಅನುಮಾನ ಕೊನೆಯ ಗಳಿಗೆಯವರೆಗೂ ಬಿಡುವುದಿಲ್ಲ. ಸಾಧಾರಣ ಯಂತ್ರವೊಂದರ ತೂಕ ಒಂದೂವರೆ ಕಿಲೊ. ಚಾರ್ಜರ್, ಚೀಲ ಎಲ್ಲ ಸೇರಿದರೆ ಎರಡು ಕಿಲೊ ಸಮೀಪಿಸುತ್ತದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಲವೆಡೆ ಅದನ್ನು ಹೊರತೆಗೆದು ಬೇರೆ ತಟ್ಟೆಯಲ್ಲಿಡಬೇಕು, ತಂಗಿದ ಕೋಣೆಯಲ್ಲಿ ಬಿಟ್ಟು ಸುತ್ತಾಡಲು ಹೊರಟರೆ ಮನಸ್ಸೆಲ್ಲ ಅದರ ಮೇಲೆಯೇ ಇರುತ್ತದೆ. ಇಷ್ಟು ಪಾಡುಪಟ್ಟು ಹೊತ್ತೊಯ್ದದ್ದನ್ನು ಇಡೀ ಪ್ರವಾಸದಲ್ಲಿ ಎರಡು ಸಲ ತೆರೆದಿದ್ದರೆ ಅದೇ ಹೆಚ್ಚು. ಹೀಗಾಗಿ ಫೋನ್ ಒಂದನ್ನೇ ಹಿಡಿದು ಹೊರಡುವುದು ಜಾಣತನವೇ ಸರಿ. ದೊಡ್ಡ ಪರದೆ ಇಲ್ಲದ ಕೊರತೆ ಎರಡು ದಿನಗಳಲ್ಲಿ ರೂಢಿಯಾಗಿಬಿಡುತ್ತದೆ. ಎರಡನೆಯ ಸಾಧನವೇ ಇಲ್ಲ ಎಂಬ ಕೊರತೆ ಮಾತ್ರ ಫೋನ್ ಕೈಕೊಟ್ಟ ದಿನವೇ ಅರಿವಿಗೆ ಬರುವುದು. ಈ ಲೇಖನದ ಹೆಚ್ಚಿನ ಭಾಗ ಆ ದಿನದ ಸಿದ್ಧತೆಗೆ ಮೀಸಲು.

ಮೊದಲು ಮನೆಯಲ್ಲೇ ತಾಲೀಮು

ಹೊರಡುವುದಕ್ಕೆ ಎರಡು ವಾರ ಇರುವಾಗ, ಕಚೇರಿಯ ಕೆಲಸದ ಹೊತ್ತನ್ನು ಬಿಟ್ಟು, ಒಂದು ವಾರದ ಮಟ್ಟಿಗೆ ಲ್ಯಾಪ್‌ಟಾಪ್ ಮುಚ್ಚಿಡಿ. ಅನಿವಾರ್ಯವಾಗಿ ತೆರೆಯಬೇಕಾಗಿ ಬಂದಾಗಲೆಲ್ಲ ಯಾಕೆ ತೆರೆದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ವಾರದ ಕೊನೆಗೆ ಚೀಟಿಯಲ್ಲಿ ಐದಾರು ಸಾಲುಗಳಷ್ಟೇ ಇರುತ್ತವೆ. ನನ್ನದರಲ್ಲಿ ನಾಲ್ಕೇ ಇದ್ದವು. ಅವುಗಳಲ್ಲಿ ಎರಡು ಹೊರಡುವ ಮೊದಲೇ ಮುಗಿಸಿಬಿಡಬಹುದಾದ ಪಾವತಿಗಳು. ಮೂರನೆಯದು ಮೊಬೈಲಿನಲ್ಲಿ ಸರಿಯಾಗಿ ತೆರೆದುಕೊಳ್ಳದ ಒಂದು ಜಾಲತಾಣ. ಬ್ರೌಸರಿನ ಮೆನುವಿನಲ್ಲಿರುವ ‘ಡೆಸ್ಕ್‌ಟಾಪ್ ಸೈಟ್’ ಆಯ್ಕೆಯನ್ನು ಒತ್ತಿ, ಫೋನನ್ನು ಅಡ್ಡ ಹಿಡಿದಾಗ ಅದೂ ಬಗೆಹರಿಯಿತು. ನಾಲ್ಕನೆಯದು ಹಲವು ಹಾಳೆಗಳಿದ್ದ ಒಂದು ಲೆಕ್ಕದ ಕಡತ. ಅದನ್ನು ಫೋನಿನಲ್ಲಿ ನೋಡಬಹುದೇ ಹೊರತು ತಿದ್ದಲು ಕುಳಿತರೆ ಸೂತ್ರ ಬರೆಯುವಷ್ಟರಲ್ಲಿ ಬೆರಳು ಪಕ್ಕದ ಚೌಕವನ್ನು ಮುಟ್ಟಿರುತ್ತದೆ. ಅಂಥ ಕೆಲಸವನ್ನು ಮರಳಿ ಬಂದ ಮೇಲೆ ಮಾಡುವುದೇ ಮೇಲು.

ಮನೆಯ ಕಂಪ್ಯೂಟರನ್ನು ದೂರದಿಂದಲೇ ಫೋನಿನಲ್ಲಿ ನಡೆಸುವ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂತಹ ಸೌಲಭ್ಯಗಳೂ ಇವೆ. ಆದರೆ ಅದಕ್ಕೆ ಮನೆಯ ಯಂತ್ರ ನಿದ್ರೆಗೆ ಜಾರದಂತೆ ಸದಾ ಚಾಲೂ ಇರಬೇಕು, ಇಂಟರ್ನೆಟ್ ಕಡಿಯಬಾರದು. ಅದನ್ನೇ ನೆಚ್ಚಿಕೊಂಡು ಹೊರಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಬೀಗದ ಕೈ ಬೀಗದೊಳಗೇ ಉಳಿದರೆ

ಕೆಲವು ವರ್ಷಗಳ ಹಿಂದೆ, ಪ್ರವಾಸದ ಎರಡನೆಯ ದಿನ, ನನ್ನ ಫೋನ್ ಕಲ್ಲಿನ ಮೆಟ್ಟಿಲ ಮೇಲೆ ಮುಖ ಕೆಳಗಾಗಿ ಬಿತ್ತು. ಪರದೆ ಪೂರ್ತಿ ಕಪ್ಪಾಯಿತು. ಒಳಗೆ ಮಾತ್ರ ಜೀವವಿತ್ತು, ಕರೆ ಬಂದರೆ ಗುರ್ರೆಂದು ನಡುಗುತ್ತಿತ್ತು. ಹಿಂದಿರುಗುವ ಟಿಕೆಟ್ ಮೇಲ್‌ನಲ್ಲಿದ್ದುದರಿಂದ ತಂಗಿದ್ದಲ್ಲಿನ ಸ್ವಾಗತ ಮೇಜಿನ ಕಂಪ್ಯೂಟರಿನ ಮುಂದೆ ಕುಳಿತೆ. ಪಾಸ್‌ವರ್ಡ್ ನೆನಪಿತ್ತು. ಅದನ್ನು ಟೈಪ್ ಮಾಡಿದ ಕೂಡಲೇ, ನಿಮ್ಮ ಫೋನಿಗೆ ಸೂಚನೆ ಕಳುಹಿಸಲಾಗಿದೆ, ‘ಹೌದು’ ಎಂದು ಒತ್ತಿ ಎಂಬ ಸಾಲು ಮೂಡಿತು. ಜೇಬಿನಲ್ಲಿ ಫೋನ್ ನಡುಗಿತು. ಆ ಕಪ್ಪು ಗಾಜಿನ ಮೇಲೆ ‘ಹೌದು’ ಎಲ್ಲಿರಬಹುದೆಂದು ಊಹಿಸಿ ಮೂರು ಸಲ ಒತ್ತಿದೆ. ಮೂರು ಸಲವೂ ತಪ್ಪಿತು.

ಲ್ಯಾಪ್‌ಟಾಪ್ ಜೊತೆಗಿದ್ದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಮೇಲ್ ಮೊದಲೇ ತೆರೆದಿರುತ್ತಿತ್ತು. ಫೋನ್ ಒಂದೇ ಆದಾಗ ಬೀಗವೂ ಅದೇ, ಕೀಲಿಯೂ ಅದೇ. ಆದ್ದರಿಂದ ಹೊರಡುವ ಮುನ್ನ ಕೀಲಿಯ ಒಂದು ಪ್ರತಿಯನ್ನು ಫೋನಿನಿಂದ ಹೊರಗೆ ಇಡಬೇಕು. ಗೂಗಲ್ ಖಾತೆಯ ಭದ್ರತೆಯ ವಿಭಾಗದಲ್ಲಿ ‘ಬ್ಯಾಕಪ್ ಕೋಡ್’ ಎಂಬ ಸೌಲಭ್ಯವಿದೆ. ಅಲ್ಲಿ ತಲಾ 8 ಅಂಕಿಗಳ 10 ಸಂಖ್ಯೆಗಳು ಸಿಗುತ್ತವೆ. ಒಂದೊಂದನ್ನೂ ಒಂದೇ ಸಲ ಬಳಸಬಹುದು, ಫೋನ್ ಇಲ್ಲದಿದ್ದರೂ ಇವು ಕೆಲಸ ಮಾಡುತ್ತವೆ. ಈ ಪುಟವನ್ನು ಮುದ್ರಿಸಿ ಅಥವಾ ಕೈಯಲ್ಲೇ ಬರೆದು, ಫೋನ್ ಇಡುವ ಚೀಲದಲ್ಲಿ ಅಲ್ಲದೆ ಬಟ್ಟೆಯ ಚೀಲದ ತಳದಲ್ಲೆಲ್ಲಾದರೂ ಇಡಿ. ಕಾಗದದ ಮೇಲೆ ಖಾತೆಯ ಹೆಸರನ್ನಾಗಲಿ ಪಾಸ್‌ವರ್ಡನ್ನಾಗಲಿ ಬರೆಯಬೇಡಿ. ಫೋಟೊ ತೆಗೆದು ಫೋನಿನಲ್ಲೇ ಇಟ್ಟುಕೊಳ್ಳುವವರೂ ಇದ್ದಾರೆ; ಅದರಿಂದ ಏನು ಪ್ರಯೋಜನವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಖಾತೆ ತೆರೆಯುವಾಗ ಪಾಸ್‌ವರ್ಡ್ ಜೊತೆಗೆ ಕೇಳುವ, 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಗಳನ್ನು ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸುವವರಿಗೆ ಒಂದು ಅನುಕೂಲವಿದೆ: ಆ ಅಂಕಿಗಳು ಗಡಿಯಾರದ ಸಮಯ ಮತ್ತು ಫೋನಿನೊಳಗಿರುವ ರಹಸ್ಯ ಸಂಖ್ಯೆಯ ಲೆಕ್ಕದಿಂದ ಹುಟ್ಟುವುದರಿಂದ ನೆಟ್‌ವರ್ಕ್ ಇಲ್ಲದ ಕಡೆಯೂ ಸಿಗುತ್ತವೆ. ಆದರೆ ಬೇರೆಡೆ ಪ್ರತಿ ಇಲ್ಲದಿದ್ದಾಗ ಆ ಫೋನೇ ಹೋದರೆ ರಹಸ್ಯ ಸಂಖ್ಯೆಯೂ ಅದರೊಡನೆ ಹೋಯಿತು. ಮನೆಯಲ್ಲಿ ಹಳೆಯ ಫೋನೊಂದು ಮೂಲೆಯಲ್ಲಿದ್ದರೆ ಆ್ಯಪ್‌ನಲ್ಲಿರುವ ಖಾತೆಗಳನ್ನು ಅದಕ್ಕೂ ವರ್ಗಾಯಿಸಿ, ನಂಬಿಕಸ್ಥರ ಕೈಯಲ್ಲಿ ಕೊಟ್ಟು ಹೊರಡಿ.

ಬ್ಯಾಂಕಿನ ಒಟಿಪಿ ಬರುವುದು ಸಿಮ್‌ಗೆ. ಪ್ಲಾಸ್ಟಿಕ್ ಸಿಮ್ ಆದರೆ ಒಡೆದ ಫೋನಿನಿಂದ ತೆಗೆದು ಜೊತೆಗಿರುವವರ ಫೋನಿಗೆ ಹಾಕಿ ಐದು ನಿಮಿಷದಲ್ಲಿ ಒಟಿಪಿ ಪಡೆಯಬಹುದು, ಅದಕ್ಕಾಗಿ ಸಿಮ್ ತಟ್ಟೆ ತೆಗೆಯುವ ಪುಟ್ಟ ಸೂಜಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಿರಬೇಕು ಅಷ್ಟೇ. ಫೋನಿನೊಳಗೇ ಅಡಕವಾಗಿರುವ ಇ-ಸಿಮ್‌ನಲ್ಲಿ ಈ ಅನುಕೂಲವಿಲ್ಲ. ಫೋನ್ ಸತ್ತರೆ ಸೇವಾ ಕಂಪನಿಯ ಸಹಾಯ ಬೇಡಬೇಕಾಗುತ್ತದೆ. ವಿದೇಶಕ್ಕೆ ಹೋಗುವವರು ಅಲ್ಲಿನ ಡೇಟಾಕ್ಕೆ ಇ-ಸಿಮ್, ಒಟಿಪಿಗೆ ತಮ್ಮ ಹಳೆಯ ಪ್ಲಾಸ್ಟಿಕ್ ಸಿಮ್ ಎಂದು ಹಂಚಿಕೊಂಡರೆ ಎರಡೂ ಕಡೆ ಕ್ಷೇಮ. ಫೋನ್ ಕದ್ದವರು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿ ಓದದಂತೆ ಸಿಮ್‌ಗೂ ಒಂದು ಪಿನ್ ಹಾಕಬಹುದು. ಆದರೆ ಜೋಪಾನ: 3 ಸಲ ತಪ್ಪು ಪಿನ್ ಒತ್ತಿದರೆ ಸಿಮ್‌ನ ಬೀಗ ತೆರೆಯುವ ಪಿಯುಕೆ ಸಂಖ್ಯೆ ಕೇಳುತ್ತದೆ, ಅದನ್ನೂ 10 ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ನಿಷ್ಪ್ರಯೋಜಕವಾಗುತ್ತದೆ. ಪಿಯುಕೆ ಸಂಖ್ಯೆಯನ್ನೂ, *#06# ಒತ್ತಿದರೆ ಕಾಣುವ, ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆಯನ್ನೂ ಆ ಕಾಗದದಲ್ಲೇ ಬರೆದುಕೊಳ್ಳಿ. ಪೊಲೀಸ್ ದೂರು ಕೊಡುವಾಗ ಎರಡನೆಯದನ್ನು ಕೇಳುತ್ತಾರೆ. ಕಳೆದ ಫೋನನ್ನು ದೂರದಿಂದಲೇ ಹುಡುಕಿ ಬೀಗ ಹಾಕುವ ಸೌಲಭ್ಯವನ್ನು ಹೊರಡುವ ಮೊದಲೇ ಚಾಲೂ ಮಾಡಿರಬೇಕು, ಕಳೆದ ಮೇಲೆ ಮಾಡಲು ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಇಬ್ಬರ ಮೊಬೈಲ್ ನಂಬರಾದರೂ ಬಾಯಿಪಾಠ ಇರಲಿ. ಈ ಅಭ್ಯಾಸವನ್ನು ನಾವೆಲ್ಲ ಫೋನಿಗೇ ಒಪ್ಪಿಸಿಬಿಟ್ಟಿದ್ದೇವೆ.

ಟಿಕೆಟ್, ನಕ್ಷೆ, ದಾಖಲೆ

ಟಿಕೆಟ್ ಮೇಲ್‌ನಲ್ಲಿದೆ ಎಂದರೆ ಅದು ಇಂಟರ್ನೆಟ್‌ನಲ್ಲಿದೆ ಎಂದೇ ಅರ್ಥ. ಪ್ರತಿಯೊಂದು ಟಿಕೆಟ್, ಕೋಣೆಯ ಕಾಯ್ದಿರಿಸುವಿಕೆ ಮತ್ತು ವಿಮೆಯ ಪತ್ರವನ್ನು ಪಿಡಿಎಫ್ ರೂಪದಲ್ಲಿ ಫೋನಿನ ಒಂದೇ ಫೋಲ್ಡರಿಗೆ ಇಳಿಸಿಕೊಂಡು, ಕಡತದ ಹೆಸರಿನ ಮೊದಲಿಗೆ ದಿನಾಂಕ ಬರುವಂತೆ ಹೆಸರಿಡಿ; ಆಗ ಅವು ಪ್ರಯಾಣದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಹಿಂದಿರುಗುವ ಟಿಕೆಟ್ ಮತ್ತು ಮೊದಲ ರಾತ್ರಿ ತಂಗುವ ಸ್ಥಳದ ವಿಳಾಸ, ಇವೆರಡನ್ನು ಮಾತ್ರ ಕಾಗದದಲ್ಲೂ ಇಟ್ಟುಕೊಳ್ಳಿ.

ಹೋಗುವ ಪ್ರದೇಶದ ನಕ್ಷೆಯನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು. ಫೋನಿನ ಜಿಪಿಎಸ್ ಉಪಗ್ರಹಗಳಿಂದ ಬರುವ ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನನ್ನೂ ಕಳುಹಿಸುವುದಿಲ್ಲವಾದ್ದರಿಂದ ಸಿಮ್, ಇಂಟರ್ನೆಟ್ ಎರಡೂ ಇಲ್ಲದಿದ್ದರೂ ನೀವಿರುವ ಜಾಗವನ್ನು ನೀಲಿ ಚುಕ್ಕಿ ತೋರಿಸುತ್ತದೆ. ಹೀಗೆ ಇಳಿಸಿಕೊಂಡ ನಕ್ಷೆಯಲ್ಲಿ ವಾಹನದ ದಾರಿ ಸಿಗುತ್ತದೆ. ಬಸ್ಸು, ರೈಲಿನ ಮಾಹಿತಿಯಾಗಲಿ ನಡೆದು ಹೋಗುವ ದಾರಿಯಾಗಲಿ ಸಿಗುವುದಿಲ್ಲ. ತಂಗುವ ಸ್ಥಳದಿಂದ ನಿಲ್ದಾಣಕ್ಕೆ ನಡೆಯುವ ದಾರಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಅದಕ್ಕಾಗಿಯೇ.

ಎಲ್ಲ ಇಳಿಸಿಕೊಂಡ ಮೇಲೆ ಹೊರಡುವ ಹಿಂದಿನ ರಾತ್ರಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ, ಟಿಕೆಟ್, ನಕ್ಷೆ, ಅನುವಾದದ ಆ್ಯಪ್ ಮತ್ತು ಕೆಲಸದ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿ. ಆಫ್‌ಲೈನ್ ಎಂದುಕೊಂಡಿದ್ದು ಎಷ್ಟೋ ಸಲ ಹೆಸರಿಗಷ್ಟೇ ಆಫ್‌ಲೈನ್ ಆಗಿರುತ್ತದೆ.

ಫೋಟೊಗಳನ್ನು ಇಳಿಸುವುದೆಲ್ಲಿ?

ಲ್ಯಾಪ್‌ಟಾಪ್ ಇದ್ದಾಗ ರಾತ್ರಿ ಕುಳಿತು ಫೋಟೊಗಳನ್ನು ಅದಕ್ಕೆ ಸುರಿದುಬಿಡುತ್ತಿದ್ದೆವು. ಈಗ ಆ ಗೋದಾಮು ಇಲ್ಲ. ಫೋಟೊಗಳದ್ದು ದೊಡ್ಡ ಹೊರೆಯಲ್ಲ, ಜಾಗ ನುಂಗುವುದು ವಿಡಿಯೊ. ಐಫೋನಿನ ಸೆಟ್ಟಿಂಗ್ಸ್‌ನಲ್ಲೇ ಕಾಣುವ ಅಂದಾಜಿನ ಪ್ರಕಾರ 1080ಪಿ ಗುಣಮಟ್ಟದ ಒಂದು ನಿಮಿಷದ ವಿಡಿಯೊಗೆ ಸುಮಾರು 60 ಎಂಬಿ, 4ಕೆ ಆದರೆ 170 ಎಂಬಿ, ಅದೇ 4ಕೆಯನ್ನು ಸೆಕೆಂಡಿಗೆ 60 ಚೌಕಟ್ಟುಗಳಂತೆ ಹಿಡಿದರೆ 400 ಎಂಬಿ ಬೇಕು. ಫೋನಿನಲ್ಲೇ ನೋಡಿ, ಫೋನಿನಿಂದಲೇ ಬಂಧುಗಳಿಗೆ ಕಳುಹಿಸುವ ವಿಡಿಯೊಗೆ 1080ಪಿ ಧಾರಾಳವಾಗಿ ಸಾಕು.

ಕ್ಲೌಡ್ ಇದೆಯಲ್ಲ ಎನ್ನುವವರು ಅದರ ಅಳತೆಯನ್ನೂ ನೋಡಿಕೊಳ್ಳಬೇಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಮೇಲ್, ಡ್ರೈವ್ ಮತ್ತು ಫೋಟೊಗಳು ಹಂಚಿಕೊಳ್ಳಬೇಕು. 2021ರ ಜೂನ್ 1ರಿಂದ ಮೇಲೇರಿಸಿದ ಫೋಟೊಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಆ್ಯಪಲ್‌ನ ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಫೋನಿನಲ್ಲಿ ಜಾಗ ಮಾಡಲೆಂದು ಗೂಗಲ್ ಫೋಟೋಸ್ ಆ್ಯಪ್‌ನೊಳಗಿನಿಂದ ಚಿತ್ರವನ್ನು ಅಳಿಸಿದರೆ ಕ್ಲೌಡ್‌ನಲ್ಲಿರುವ ಪ್ರತಿಯೂ ಅಳಿಯುತ್ತದೆ. ಜಾಗ ಖಾಲಿ ಮಾಡಲೆಂದೇ ಅದರಲ್ಲಿ ಪ್ರತ್ಯೇಕ ಆಯ್ಕೆಯಿದೆ, ಅದನ್ನೇ ಬಳಸಬೇಕು. ತಪ್ಪಿ ಅಳಿಸಿದ್ದರೆ ಕಸದ ಬುಟ್ಟಿಯಲ್ಲಿ ಕೆಲವು ವಾರ ಉಳಿದಿರುತ್ತದೆ, ಗಾಬರಿ ಬೇಡ.

ನಾನು ಹೆಚ್ಚು ನಂಬುವುದು ಬೆರಳುದ್ದದ ಟೈಪ್-ಸಿ ಪೆನ್‌ಡ್ರೈವ್ ಅನ್ನು. ಫೋನಿಗೆ ನೇರವಾಗಿ ಸಿಕ್ಕಿಸಿ, ದಿನದ ಚಿತ್ರಗಳನ್ನು ನಕಲು ಮಾಡಿ, ಬೇರೆ ಚೀಲದಲ್ಲಿಟ್ಟರೆ ಮುಗಿಯಿತು. 2023ರ ಐಫೋನ್ 15ರಿಂದೀಚೆಗೆ ಆ್ಯಪಲ್ ಫೋನುಗಳಲ್ಲೂ ಅದೇ ಕಿಂಡಿ ಇದೆ. ಪೆನ್‌ಡ್ರೈವನ್ನು ಮೊದಲೇ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ. ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಜಿಬಿ ಮೀರಿದ ಕಡತ ಕೂರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ 4ಕೆ ವಿಡಿಯೊ 24 ನಿಮಿಷ ದಾಟಿದರೆ ನಕಲು ಅರ್ಧಕ್ಕೇ ನಿಲ್ಲುತ್ತದೆ.

ಬ್ಯಾಟರಿ

ಟಿಕೆಟ್, ಹಣ, ನಕ್ಷೆ, ಕ್ಯಾಮೆರಾ ಎಲ್ಲವೂ ಒಂದೇ ಬ್ಯಾಟರಿಯ ಮೇಲೆ ನಿಂತಿರುವಾಗ ಪವರ್ ಬ್ಯಾಂಕ್ ಇಲ್ಲದೆ ಹೊರಡುವ ಮಾತೇ ಇಲ್ಲ. ಅದರ ಮೇಲೆ ಬರೆದಿರುವ 10,000 ಮಿಲಿ ಆಂಪಿಯರ್ ಅವರ್ ಎಂಬುದು ಒಳಗಿನ ಕೋಶದ ಲೆಕ್ಕ. ಅದರ 3.7 ವೋಲ್ಟನ್ನು ಫೋನಿಗೆ ಬೇಕಾದ 5 ವೋಲ್ಟಿಗೆ ಏರಿಸುವಲ್ಲಿ ಅಳತೆಯೂ ಬದಲಾಗುತ್ತದೆ, ಒಂದಿಷ್ಟು ಶಕ್ತಿ ಶಾಖವಾಗಿಯೂ ಹೋಗುತ್ತದೆ. ಆದ್ದರಿಂದ 5,000ದ ಬ್ಯಾಟರಿಯಿರುವ ಫೋನನ್ನು ಅದು ಎರಡು ಸಲ ತುಂಬಿಸುವುದಿಲ್ಲ, ಒಂದೂಕಾಲು ಅಥವಾ ಒಂದೂವರೆ ಸಲ ಎಂದಿಟ್ಟುಕೊಳ್ಳಿ.

ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಸರಕಿನ ವಿಭಾಗಕ್ಕೆ ಹಾಕುವ ಚೀಲದಲ್ಲಿ ಇಡುವಂತಿಲ್ಲ. 100 ವಾಟ್ ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 10,000ದ್ದು 37, 20,000ದ್ದು 74 ವಾಟ್ ಅವರ್ ಆಗುವುದರಿಂದ ಎರಡೂ ಮಿತಿಯೊಳಗೇ ಇವೆ. ಹಾರಾಟದ ವೇಳೆ ಅದನ್ನು ಬಳಸಲು ಕೆಲವು ಸಂಸ್ಥೆಗಳು ಬಿಡುವುದಿಲ್ಲ, ಟಿಕೆಟ್ ಜೊತೆಗಿನ ನಿಯಮ ಓದಿಕೊಳ್ಳಿ. ನಿಲ್ದಾಣಗಳ ಗೋಡೆಯಲ್ಲಿರುವ ಯುಎಸ್‌ಬಿ ಕಿಂಡಿಗಿಂತ ನಿಮ್ಮದೇ ಚಾರ್ಜರನ್ನು ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವುದು ಒಳ್ಳೆಯದು. ಯುಎಸ್‌ಬಿ ತಂತಿ ವಿದ್ಯುತ್ತಿನಂತೆ ಮಾಹಿತಿಯನ್ನೂ ಸಾಗಿಸುತ್ತದೆ. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಫೋನ್ ಬಿಡಬೇಡಿ.

ಬರೆಯುವ ಕೆಲಸ ಇದ್ದವರಿಗೆ

ಮಡಚುವ ಬ್ಲೂಟೂತ್ ಕೀಲಿಮಣೆ ಫೋನಿನಷ್ಟೇ ತೂಕದ್ದು. ಕನ್ನಡದಲ್ಲಿ ಟೈಪ್ ಮಾಡುವವರು ಅದರ ವಿನ್ಯಾಸ ತಮಗೆ ಒಗ್ಗುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಲಿ. ಎರಡು ಪುಟಕ್ಕಿಂತ ಕಡಿಮೆ ಬರಹಕ್ಕೆ ಬಾಯಲ್ಲಿ ಹೇಳಿ ಬರೆಸುವುದೇ ಸುಲಭ, ಆಮೇಲೆ ತಪ್ಪು ತಿದ್ದಿದರಾಯಿತು. ಕೋಣೆಯ ಟಿವಿಗೆ ತಂತಿ ಹಾಕಿ ದೊಡ್ಡ ಪರದೆ ಮಾಡಿಕೊಳ್ಳುವ ಆಲೋಚನೆ ಇದ್ದರೆ, ಟೈಪ್-ಸಿ ಕಿಂಡಿ ಇರುವ ಎಲ್ಲ ಫೋನುಗಳೂ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲ ಎಂಬುದು ನೆನಪಿರಲಿ.

ಬಿಟ್ಟು ಹೋಗುವ ಲ್ಯಾಪ್‌ಟಾಪ್

ಕಪ್ಪು ಪರದೆಯ ಆ ದಿನ ನನ್ನನ್ನು ಕಾಪಾಡಿದ್ದು ಮನೆಯಲ್ಲೇ ಉಳಿದಿದ್ದ ಲ್ಯಾಪ್‌ಟಾಪ್. ಬಾಯಿಪಾಠವಿದ್ದ ಒಂದೇ ಒಂದು ನಂಬರಿಗೆ ಸ್ವಾಗತ ಮೇಜಿನ ಫೋನಿನಿಂದ ಕರೆ ಮಾಡಿದೆ. ತಂಗಿ ನನ್ನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ಮೇಲ್ ಅದರಲ್ಲಿ ತೆರೆದೇ ಇತ್ತು. ಟಿಕೆಟನ್ನು ನಾನು ತಂಗಿದ್ದ ಜಾಗದ ಮೇಲ್ ವಿಳಾಸಕ್ಕೆ ಅವಳು ಕಳುಹಿಸಿದಳು, ಅವರು ಮುದ್ರಿಸಿ ಕೈಗಿತ್ತರು. ಅಂದು ಅದು ಸಾಧ್ಯವಾದದ್ದು ಅವಳಿಗೆ ನನ್ನ ಪಾಸ್‌ವರ್ಡ್ ಹೇಗೋ ಗೊತ್ತಿದ್ದುದರಿಂದ. ಈಗ ಪ್ರತಿ ಸಲ ಹೊರಡುವಾಗ ಲ್ಯಾಪ್‌ಟಾಪಿನಲ್ಲಿ ಮೇಲ್ ತೆರೆದಿದೆಯೇ ಎಂದು ನೋಡಿ, ಯಂತ್ರವನ್ನು ಪೂರ್ತಿ ಆರಿಸಿ, ಅದರ ಪಾಸ್‌ವರ್ಡನ್ನು ಅವಳಿಗೆ ಹೇಳಿ, ಚಾರ್ಜರನ್ನು ಪಕ್ಕದಲ್ಲೇ ಸುತ್ತಿಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ.