ಫೈರ್‌ವಾಲ್ ದಾಟಿ ಬ್ರೌಸರ್ ತಲುಪಬೇಕಾದ ಜಾವಾ ಕರೆ

ಒಂದು ಯಂತ್ರದ ಜಾವಾ ಪ್ರೋಗ್ರಾಂ ಇನ್ನೊಂದು ಯಂತ್ರದಲ್ಲಿರುವ ಆಬ್ಜೆಕ್ಟ್‌ನ ಮೆಥಡ್ ಕರೆಯಲು ನೆರವಾಗುವ ರಿಮೋಟ್ ಮೆಥಡ್ ಇನ್ವೊಕೇಷನ್, ಅಂದರೆ ಆರ್‌ಎಂಐ, 1997ರಲ್ಲಿ ಜಾವಾದ ಅಭಿವೃದ್ಧಿ ಕಿಟ್ ಆದ ಜೆಡಿಕೆ 1.1ರ ಜೊತೆ ಬಂತು. ಕಚೇರಿಯ ಒಳಜಾಲದಲ್ಲಿ ಅದು ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ. ನಡುವೆ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಬಂದಾಗ ತೊಡಕು ಶುರುವಾಗುತ್ತದೆ. ಆಬ್ಜೆಕ್ಟ್‌ಗಳನ್ನು ಹೆಸರಿನಿಂದ ಹುಡುಕಿಕೊಡುವ ರಿಜಿಸ್ಟ್ರಿಯ 1099ನೇ ಪೋರ್ಟ್ (ಸಂಪರ್ಕದ ಬಾಗಿಲು) ಒಂದನ್ನೇ ತೆರೆಸಿದರೆ ಹೆಸರು ಸಿಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಪೋರ್ಟ್ ಸಂಖ್ಯೆ ಹೇಳದಿದ್ದರೆ, ಕೆಲಸ ಮಾಡುವ ಆಬ್ಜೆಕ್ಟ್ ಯಾವುದೋ ಖಾಲಿ ಪೋರ್ಟ್‌ನಲ್ಲಿ ಕೂತಿರುತ್ತದೆ.

ಆದ್ದರಿಂದ ಮೊದಲು ಆಬ್ಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡುವಾಗಲೇ, ಅಂದರೆ ಹೊರಗಿನ ಕರೆಗಳಿಗೆ ಸಿಗುವಂತೆ ಮಾಡುವಾಗಲೇ, ಪೋರ್ಟ್ ಸಂಖ್ಯೆಯನ್ನು ನಿಗದಿಪಡಿಸಿ. ರಿಜಿಸ್ಟ್ರಿಯೂ ಅದೇ ಜಾವಾ ವರ್ಚುವಲ್ ಮಷೀನ್‌ನಲ್ಲಿದ್ದರೆ ಎರಡಕ್ಕೂ 1099 ಸಾಕು.

ಬಳಿಕ ವಿಳಾಸವನ್ನು ನೋಡಿ. ಸರ್ವರ್‌ನ ಆಬ್ಜೆಕ್ಟ್‌ಗೆ ಪ್ರತಿನಿಧಿಯಾಗಿ ಕ್ಲೈಂಟ್ ಕೈಗೆ ಬರುವ ಸ್ಟಬ್ ತನ್ನೊಳಗೆ ಸರ್ವರ್‌ನ ವಿಳಾಸವನ್ನು ಹೊತ್ತು ತರುತ್ತದೆ. ಉಬುಂಟು ಯಂತ್ರಗಳಲ್ಲಿ ಹೋಸ್ಟ್ಸ್ ಕಡತವು ಯಂತ್ರದ ಹೆಸರನ್ನು ಹಲವೊಮ್ಮೆ, ಯಂತ್ರ ತನ್ನನ್ನೇ ಸೂಚಿಸಲು ಬಳಸುವ 127.0.1.1ಕ್ಕೆ ಜೋಡಿಸಿರುವುದರಿಂದ, ಕ್ಲೈಂಟ್ ಬೇರೆ ಊರಿನಲ್ಲಿದ್ದರೂ ತನ್ನದೇ ಯಂತ್ರದ ಬಾಗಿಲು ತಟ್ಟಿ ‘ಕನೆಕ್ಷನ್ ರಿಫ್ಯೂಸ್ಡ್ ಟು ಹೋಸ್ಟ್: 127.0.1.1’ ಎಂದು ದೂರುತ್ತದೆ. ಇಲ್ಲಿ ಫೈರ್‌ವಾಲ್‌ನ ತಪ್ಪೇನೂ ಇಲ್ಲ. ಸರ್ವರ್ ಆರಂಭಿಸುವಾಗ ‘ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್’ ಗುಣಕ್ಕೆ ಸರಿಯಾದ ವಿಳಾಸ ಕೊಟ್ಟರೆ ಸಮಸ್ಯೆ ತೀರುತ್ತದೆ.

ಇಷ್ಟಾದರೂ ಬ್ರೌಸರ್‌ಗೆ ಆರ್‌ಎಂಐ ಭಾಷೆ ತಿಳಿಯದು. ಬ್ರೌಸರ್‌ನೊಳಗೆ ಓಡುತ್ತಿದ್ದ ಜಾವಾ ಆಪ್ಲೆಟ್‌ಗಳ ಕಾಲ ಮುಗಿದಿದೆ. ಕರೆಯನ್ನು ಎಚ್‌ಟಿಟಿಪಿಯೊಳಗೆ ಸುತ್ತಿ ಕಳಿಸುತ್ತಿದ್ದ ಹಳೆಯ ಸೌಲಭ್ಯ ಜಾವಾ 8ರಲ್ಲಿ ನಿಷ್ಕ್ರಿಯವಾಗಿ, 9ರಲ್ಲಿ ಪೂರ್ತಿ ಹೋಯಿತು. ಹಾಗೆಂದು 1099ನ್ನು ಹೊರಜಗತ್ತಿಗೆ ತೆರೆಯುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ, ಏಕೆಂದರೆ ಹೊರಗಿನಿಂದ ಬಂದ ಬೈಟ್‌ಗಳನ್ನು ಆಬ್ಜೆಕ್ಟ್‌ಗಳಾಗಿ ಬಿಚ್ಚುವ ಡಿಸೀರಿಯಲೈಸೇಷನ್ ದಾಳಿಕೋರರಿಗೆ ನೇರ ದಾರಿಯಾಗಬಲ್ಲದು. ಆರ್‌ಎಂಐಯನ್ನು ಒಳಗೇ ಉಳಿಸಿ, ಅದರ ಮುಂದೆ ಸಣ್ಣದೊಂದು ಸರ್ವ್‌ಲೆಟ್ (ವೆಬ್ ಕೋರಿಕೆಗಳಿಗೆ ಉತ್ತರಿಸುವ ಜಾವಾ ಪ್ರೋಗ್ರಾಂ) ನಿಲ್ಲಿಸಿ. ಬ್ರೌಸರ್ ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್ ಮೂಲಕ ಜೇಸನ್ ಎಂಬ ಪಠ್ಯರೂಪದಲ್ಲಿ ದತ್ತಾಂಶ ಕಳಿಸಲಿ. ಸರ್ವ್‌ಲೆಟ್ ಅದನ್ನು ಪರಿಶೀಲಿಸಿ ಒಳಗಿನ ಮೆಥಡ್ ಕರೆದು, ಉತ್ತರವನ್ನು ಜೇಸನ್ ರೂಪದಲ್ಲೇ ಹಿಂದಿರುಗಿಸಲಿ. ಪುಟಕ್ಕೆ ಬೇಕಾದ ಮೆಥಡ್‌ಗಳನ್ನಷ್ಟೇ ಹೊರಗೆ ತೋರಿಸಿ.

ಹೆಚ್ಚು ಗಮನ ಬೇಕಾದದ್ದು ಕಾಲ್‌ಬ್ಯಾಕ್‌ಗೆ, ಅಂದರೆ ಸರ್ವರ್ ತಿರುಗಿ ಕ್ಲೈಂಟನ್ನು ಕರೆಯುವುದಕ್ಕೆ. ಆರ್‌ಎಂಐಯಲ್ಲಿ ಕ್ಲೈಂಟ್ ತಾನೇ ಸರ್ವರ್ ಆಗಿ ಕರೆಗೆ ಕಾದಿರುತ್ತದೆ. ಬಳಕೆದಾರನ ಕಡೆಯ ಫೈರ್‌ವಾಲ್ ಆ ಕರೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಕಾಲ್‌ಬ್ಯಾಕ್, ನಡುವೆ ಸೇತುವೆಯಂತೆ ನಿಂತ ಸರ್ವ್‌ಲೆಟ್‌ವರೆಗೆ ಬರಲಿ, ಅಲ್ಲಿಂದ ಬ್ರೌಸರ್ ತಾನೇ ತೆರೆದಿಟ್ಟ ವೆಬ್‌ಸಾಕೆಟ್‌ನಲ್ಲಿ (ಎರಡೂ ಕಡೆಯಿಂದ ಸಂದೇಶ ಕಳಿಸಬಹುದಾದ ಸಂಪರ್ಕದಲ್ಲಿ) ಸಾಗಲಿ. ನಡುವೆ ಕೋರಿಕೆಗಳನ್ನು ಮುಂದಕ್ಕೆ ದಾಟಿಸುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಇದ್ದರೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಮುಂದಕ್ಕೆ ಕಳಿಸುವಂತೆ ಸೂಚಿಸಬೇಕು. ಅದರ ಓದುವ ಕಾಲಮಿತಿ, ನಾವು ಬದಲಿಸದಿದ್ದರೆ, 60 ಸೆಕೆಂಡು. ಮಾತಿಲ್ಲದೆ ಅಷ್ಟು ಹೊತ್ತು ಕಳೆದರೆ ಸಂಪರ್ಕ ಕಡಿಯುತ್ತದೆ, ಹಾಗಾಗಿ ಸರ್ವರ್ ಕಡೆಯಿಂದ 30 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ.

ಕೊನೆಗೆ ಹೊರಜಾಲದಿಂದ ಪರೀಕ್ಷಿಸಿ: 1099 ಉತ್ತರಿಸಬಾರದು, ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ವೆಬ್‌ಸಾಕೆಟ್ ಸಾಲಿನ ಎದುರು, ಸಂಪರ್ಕ ವೆಬ್‌ಸಾಕೆಟ್‌ಗೆ ಬದಲಾಯಿತೆಂದು ಹೇಳುವ 101 ಸಂಕೇತ ಕಾಣಬೇಕು.