ಷೆಡ್ಡಿಗೆ ಮೊದಲು ಗಾಳಿ ಬಿಡಿ, ಕೋಳಿ ಆಮೇಲೆ ಬಿಡಿ

ಹಿತ್ತಲ ಮೂಲೆಯಲ್ಲಿ ಗುದ್ದಲಿ, ಖಾಲಿ ಕುಂಡ, ತುಂಡು ಪೈಪು ತುಂಬಿಕೊಂಡ ಹಳೇ ಷೆಡ್ ಇದ್ದರೆ ಕೋಳಿ ಸಾಕುವ ಆಸೆಯವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಗೋಡೆ ಇದೆ, ಸೂರಿದೆ, ಬಾಗಿಲಿದೆ. ಇಲ್ಲದಿರುವುದು ಗಾಳಿ ಒಂದೇ. ಸಾಮಾನು ನೆನೆಯಬಾರದು ಅಂತ ಕಟ್ಟಿದ ಗೂಡು ಅದು. ಒಳಗೆ ಉಸಿರಾಡುವ ಜೀವ ಇರುತ್ತದೆ ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ.

ನಾನು ಮೊದಲ ಸಲ ಎಡವಿದ್ದು ಇಲ್ಲಿಯೇ. ಕೋಳಿಗಳಿಗೆ ಚಳಿಯಾದೀತು ಅಂತ ಕಿಟಕಿ ಮುಚ್ಚಿ, ಸಂದಿಗೊಂದಿಗೆಲ್ಲ ಬಟ್ಟೆ ತುರುಕಿದ್ದೆ. ಮೂರ್ನಾಲ್ಕು ವಾರ ಕಳೆದು ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಮುಖಕ್ಕೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ತಲೆ ಎತ್ತಿ ನೋಡಿದರೆ ತಗಡಿನ ಒಳಮೈ ತುಂಬ ಹನಿ. ಬೆರಳಾಡಿಸಿದೆ, ನೀರು ಮೊಣಕೈವರೆಗೆ ಇಳಿಯಿತು. ಮಳೆ ಬಂದಿರಲಿಲ್ಲ. ಅಷ್ಟೂ ನೀರು ಕೋಳಿಗಳ ಉಸಿರಿನಿಂದ, ಹಿಕ್ಕೆಯಿಂದ ಬಂದದ್ದು. ಒಂದು ಹೇಟೆಯ ಕಣ್ಣಂಚಿನಲ್ಲಿ ನೊರೆ ಕಟ್ಟಿತ್ತು. ಅದನ್ನು ನೋಡಿದ ಮೇಲೆ ಗರಗಸ ಕೈಗೆತ್ತಿಕೊಂಡೆ.

ಕೋಳಿ ಹಿಕ್ಕೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನೀರೇ. ಅದು ಒದ್ದೆಯಾಗಿಯೇ ಕೊಳೆತರೆ ಅಮೋನಿಯಾ ಹೊರಡುತ್ತದೆ, ಕಣ್ಣನ್ನೂ ಶ್ವಾಸನಾಳವನ್ನೂ ಕೆಡಿಸುತ್ತದೆ. ಗಾಳಿಯ 10 ಲಕ್ಷ ಪಾಲಿಗೆ ಇದು 25 ಪಾಲು ದಾಟಬಾರದು ಅನ್ನುತ್ತಾರೆ. ಅಳೆಯುವ ಯಂತ್ರ ಬೇಡ, ನಿಮ್ಮ ಮೂಗು ಸಾಕು. ಇನ್ನು ಚಳಿಯ ಮಾತು. ಕೋಳಿಯ ಮೈಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಮೇಲೆ ಪುಕ್ಕದ ಹೊದಿಕೆ ಬೇರೆ. ಒಣ ಚಳಿಯನ್ನು ಅವು ಚೆನ್ನಾಗಿ ತಡೆಯುತ್ತವೆ. ತೇವ ಸೇರಿದ ಚಳಿ ಮಾತ್ರ ಕಷ್ಟ. ಸೆಕೆಯಂತೂ ಇನ್ನೂ ಕಷ್ಟ, ಯಾಕೆಂದರೆ ಕೋಳಿ ಬೆವರುವುದಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುವುದೇ ಅದಕ್ಕೆ ಗೊತ್ತಿರುವ ಮುಖ್ಯ ದಾರಿ.

ಮೊದಲು ಟೇಪು ಹಿಡಿಯಿರಿ. ಒಳಗೆ ಒಂದು ಕೋಳಿಗೆ 4 ಚದರಡಿ, ಹೊರಗೆ ಓಡಾಡಲು ಸುಮಾರು 10 ಚದರಡಿ ಬೇಕು. 6 ಅಡಿ ಅಗಲ, 8 ಅಡಿ ಉದ್ದದ ಷೆಡ್ಡಿನಲ್ಲಿ ಲೆಕ್ಕಕ್ಕೆ 12 ಕೋಳಿ ಹಿಡಿಸುತ್ತವೆ. ನಾನಾದರೆ 8ಕ್ಕೇ ನಿಲ್ಲಿಸುತ್ತೇನೆ. ನಿಮ್ಮ ಊರಿನಲ್ಲಿ ಮನೆ ಹಿತ್ತಲಲ್ಲಿ ಕೋಳಿ ಸಾಕಲು ಅನುಮತಿ ಬೇಕೇ ಅಂತಲೂ ಈಗಲೇ ವಿಚಾರಿಸಿಕೊಳ್ಳಿ.

ಷೆಡ್ಡನ್ನು ಪೂರ್ತಿ ಖಾಲಿ ಮಾಡಿ ತೊಳೆಯಿರಿ. ನೆಲದ ಮೇಲೆ ಒಂದು ಅಯಸ್ಕಾಂತ ಎಳೆದಾಡಿ, ಎಷ್ಟು ಮೊಳೆ, ಸ್ಕ್ರೂ ಅಂಟಿ ಬರುತ್ತವೆ ನೋಡಿ. ಮಿರುಗುವ ಚೂರು ಕಂಡರೆ ಕೋಳಿ ಕುಕ್ಕಿ ನುಂಗುತ್ತದೆ. ಥರ್ಮಕೋಲನ್ನೂ ಬಿಡುವುದಿಲ್ಲ. ಕೀಟನಾಶಕ ಚೆಲ್ಲಿದ ಹಲಗೆ ಇದ್ದರೆ ಸುಮ್ನೆ ತೊಳೆದು ಬಿಡಬೇಡಿ, ಕಿತ್ತು ಹೊಸದು ಹಾಕಿ. ಏಳುತ್ತಿರುವ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅಂಥ ಹಲಗೆಯನ್ನು ಉಜ್ಜಿ ಪುಡಿ ಎಬ್ಬಿಸದೆ ಹಾಗೇ ಬದಲಿಸುವುದು ಒಳ್ಳೆಯದು.

ಈಗ ಮುಖ್ಯ ಕೆಲಸ. ಒಂದು ಕೋಳಿಗೆ ಒಂದು ಚದರಡಿ ಗಾಳಿಕಿಂಡಿ ಎಂದು ಲೆಕ್ಕ ಇಟ್ಟುಕೊಳ್ಳಿ. ಜಾಸ್ತಿ ಆಯ್ತು ಅನ್ನಿಸುತ್ತದೆ ಅಲ್ವಾ? ಆಗಿಲ್ಲ. 8 ಅಡಿ ಉದ್ದದ ಗೋಡೆಯಲ್ಲಿ, ಸೂರಿನ ಕೆಳಗೇ 6 ಇಂಚು ಎತ್ತರದ ಪಟ್ಟಿ ಕತ್ತರಿಸಿದರೆ 4 ಚದರಡಿ. ಎದುರು ಗೋಡೆಯಲ್ಲೂ ಅಷ್ಟೇ ಕತ್ತರಿಸಿದರೆ 8 ಕೋಳಿಗೆ ಲೆಕ್ಕ ಸರಿಹೋಯಿತು. ಕಿಂಡಿ ಮೇಲೆಯೇ ಇರಬೇಕು. ಬಿಸಿ ಗಾಳಿ ತೇವವನ್ನೂ ಘಾಟನ್ನೂ ಹೊತ್ತುಕೊಂಡು ಮೇಲೇರುತ್ತದೆ, ಅಲ್ಲಿಂದಲೇ ಹೊರಗೆ ಹೋಗಲಿ. ಕತ್ತರಿಸುವಾಗ ಮಾಡಿನ ಭಾರ ಹೊರುವ ಕಂಬ, ಅಡ್ಡತೊಲೆಗಳನ್ನು ಮುಟ್ಟಬೇಡಿ. ಅವುಗಳ ನಡುವಿನ ಜಾಗವನ್ನಷ್ಟೇ ತೆಗೆಯಿರಿ. ಮಾಡು ಗೋಡೆಯಿಂದ ಒಂದು ಅಡಿಯಾದರೂ ಹೊರಚಾಚಿದ್ದರೆ ಇರಚಲು ಹೆಚ್ಚು ಒಳಗೆ ಬರುವುದಿಲ್ಲ. ಇಲ್ಲದಿದ್ದರೆ ಕಿಂಡಿಯ ಮೇಲಂಚಿಗೆ ಬಿಜಾಗರಿ ಹಾಕಿ, ಹೊರಕ್ಕೆ ಎತ್ತಿ ನಿಲ್ಲಿಸುವ ಹಲಗೆ ಕೂರಿಸಿ. ಮಳೆಯಲ್ಲೂ ಅದನ್ನು ತೆರೆದೇ ಇಡಬಹುದು.

ಬೇಸಿಗೆಗೆ ಕೆಳಗೂ ಒಂದು ಕಿಟಕಿ ಬೇಕು, ನೆರಳಿನ ಕಡೆಗೆ. ಗಾಜು ತೆಗೆದು ಜಾಲರಿ ಹಾಕಿ, ಚಳಿಗಾಲದ ರಾತ್ರಿ ಮುಚ್ಚಲು ಒಂದು ಕದ ಇರಲಿ. ಕೂತು ಮಲಗಿದ ಕೋಳಿಯ ಮೈಗೆ ನೇರವಾಗಿ ಗಾಳಿ ಬಡಿಯಬಾರದು, ತಲೆಯ ಮೇಲೆ ಹಾದುಹೋಗಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಕೋಳಿ ಕೂರುವ ಎತ್ತರದಲ್ಲಿ ಹೊಗೆಯಾಡುವ ಊದುಬತ್ತಿ ಹಿಡಿಯಿರಿ. ಹೊಗೆ ನಿಧಾನ ಮೇಲೇರಿ ಕಿಂಡಿಯ ಕಡೆ ವಾಲಿದರೆ ಸರಿ. ಅಡ್ಡಡ್ಡ ಹಾರಿದರೆ ಎಲ್ಲೋ ಸಂದಿ ಇದೆ ಅಂತ ಅರ್ಥ.

ಎಲ್ಲ ಕಿಂಡಿಗೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ. ಆರು ಮೂಲೆ ಕಣ್ಣಿನ ತೆಳು ಜಾಲರಿಯನ್ನು ಕೋಳಿ ಜಾಲರಿ ಅಂತ ಮಾರುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಮೆಶ್ಶನ್ನು ಸ್ಟೇಪಲ್ ಹೊಡೆದು ಬಿಡದೆ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಗೋಡೆಯ ಬುಡದಿಂದ ಒಂದು ಅಡಿ ಹೊರಕ್ಕೆ ಮೆಶ್ ಹಾಸಿ ಮಣ್ಣು ಮುಚ್ಚಿದರೆ ಬಿಲ ತೋಡುವ ಪ್ರಾಣಿಗಳಿಗೂ ದಾರಿ ಸಿಗದು. ಬಾಗಿಲಿಗೆ ಎರಡು ಚಿಲಕ ಇರಲಿ.

ಒಳಗಿನ ಕೆಲಸ ಬೇಗ ಮುಗಿಯುತ್ತದೆ. ಕೂರಲು 2×4 ಇಂಚಿನ ರೀಪನ್ನು ಅಗಲದ ಮೈ ಮೇಲೆ ಮಾಡಿ, ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ, ಗೋಡೆಯಿಂದ ಒಂದು ಅಡಿ ಬಿಟ್ಟು ಕೂರಿಸಿ. ಕೋಳಿಯೊಂದಕ್ಕೆ 10 ಇಂಚು ಜಾಗ. ನಾಲ್ಕು ಹೇಟೆಗೆ ಒಂದರಂತೆ, ಒಂದು ಅಡಿ ಚೌಕದ ಮೊಟ್ಟೆ ಪೆಟ್ಟಿಗೆ ಸಾಕು. ಅದು ಕೂರುವ ರೀಪಿಗಿಂತ ಕೆಳಗಿರಬೇಕು. ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿ ಮಲಗುವುದು ಕೋಳಿಯ ಸ್ವಭಾವ, ಪೆಟ್ಟಿಗೆ ಮೇಲಿದ್ದರೆ ಅಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ನೆಲಕ್ಕೆ ಒಣಗಿದ ಮರದ ಹೊಟ್ಟು ಅಥವಾ ಭತ್ತದ ಹೊಟ್ಟನ್ನು ನಾಲ್ಕರಿಂದ ಆರು ಇಂಚು ಹರಡಿ. ಹಗಲು ನೀರಿನ ಪಾತ್ರೆ ಹೊರಗಿರಲಿ, ಒಳಗೆ ಚೆಲ್ಲಿದ ನೀರು ಘಾಟಿಗೆ ಬೀಜ ಬಿತ್ತಿದ ಹಾಗೆ.

ಕೋಳಿ ತಂದ ಮೇಲೆ ಮೊದಲ ಒಂದು ವಾರ ಗೂಡಿನಲ್ಲೇ ಇರಲಿ, ಆ ವಾರ ಮಾತ್ರ ನೀರಿನ ಪಾತ್ರೆಯೂ ಒಳಗಿರಲಿ. ಅದು ತಮ್ಮ ಮನೆ ಅಂತ ರೂಢಿಯಾದರೆ ಆಮೇಲೆ ಕತ್ತಲಾಗುವ ಹೊತ್ತಿಗೆ ತಾವೇ ಸಾಲಾಗಿ ಒಳಗೆ ಹೋಗುತ್ತವೆ. ಆ ವಾರ ದಿನಾ ಬೆಳಿಗ್ಗೆ, ಬೇರೇನೂ ಮಾಡುವ ಮೊದಲು, ರೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವುಗಳ ಮೂಗಿನ ಎತ್ತರದಲ್ಲಿ ಒಂದು ಉಸಿರು ಎಳೆಯಿರಿ. ಎದ್ದು ತಗಡಿಗೆ ಬೆರಳಾಡಿಸಿ. ಬೆರಳು ಒದ್ದೆಯಾದರೆ ಇನ್ನೊಂದು ಕಿಂಡಿ ಕತ್ತರಿಸಿ.