ರಿಪೋರ್ಟ್ ಚೆನ್ನಾಗಿದೆ, ಮಗು ಹೇಗಿದೆ?

ಎಚ್‌ಐವಿ ಇರುವ ಮಕ್ಕಳಿಗೆ ನಾನು ಕೌನ್ಸೆಲರ್. ಮಗು ಕ್ಲಿನಿಕ್‌ಗೆ ಬಂದ ಕೂಡಲೇ ಎಲ್ಲರ ಕಣ್ಣು ವೈರಲ್ ಲೋಡ್ ಮೇಲೆ, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದರ ಮೇಲೆ. ಆಮೇಲೆ ತೂಕ, ಎತ್ತರ. ಅದು ಬೇಕೇ ಬೇಕು. ಶಿಶುವಿಗೆ ಬೇಗ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ, ಶುರು ಮಾಡಿದರೆ ಸಾವು ಮುಕ್ಕಾಲು ಪಾಲು ತಗ್ಗುತ್ತದೆ ಎಂದು 2008ರಲ್ಲೇ ದಕ್ಷಿಣ ಆಫ್ರಿಕಾದ ಅಧ್ಯಯನ ತೋರಿಸಿತ್ತು. ಆದರೆ ಬದುಕಿ ಉಳಿದ ಮಗುವಿಗೆ ಗೆಳೆಯರೂ ಬೇಕಲ್ವಾ?

ಅದನ್ನು ತಿಳಿಯಲು ನಾನು ಪೆಡ್ಸ್‌ಕ್ಯೂಎಲ್ ಅನ್ನೋ ಪ್ರಶ್ನಾವಳಿ ಬಳಸುತ್ತೇನೆ. ಒಟ್ಟು 23 ಪ್ರಶ್ನೆ. ಮೈ, ಮನಸ್ಸು, ಒಡನಾಟ, ಶಾಲೆ ಅಂತ ನಾಲ್ಕು ಭಾಗ. ಮಗುವಿಗೊಂದು ಹಾಳೆ, ಪೋಷಕರಿಗೊಂದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಬರೆಸುತ್ತೇನೆ. ಒಟ್ಟು ಅಂಕಕ್ಕೆ ನಾನು ಜಾಸ್ತಿ ಬೆಲೆ ಕೊಡಲ್ಲ. ಎರಡು ಹಾಳೆ ಎಲ್ಲಿ ಜಗಳವಾಡುತ್ತವೆ ಅಂತ ನೋಡುತ್ತೇನೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳ ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಇತ್ತು. ಬೇರೆ ಮಕ್ಕಳ ಜೊತೆ ಬೆರೆಯಲು ತೊಂದರೆ ಇದೆಯಾ ಅನ್ನೋ ಪ್ರಶ್ನೆಗೆ ಅಮ್ಮ 'ಇಲ್ಲವೇ ಇಲ್ಲ' ಅಂತ ಗುರುತು ಹಾಕಿದ್ದರು. ಮಗಳು 'ಹೆಚ್ಚೂಕಡಿಮೆ ಯಾವಾಗಲೂ' ಅನ್ನೋ ಕೊನೆಯ ಅಂಕಿಗೆ ಪೆನ್ಸಿಲ್ ಒತ್ತಿ ಒತ್ತಿ ಸುತ್ತು ಹಾಕಿದ್ದಳು. ಯಾಕೆ ಅಂದೆ. "ನಾನು ಯಾರ ಮನೆಗೂ ಹೋಗೋ ಹಾಗಿಲ್ಲ ಅಕ್ಕಾ. ನಾನೇನೋ ತಪ್ಪು ಮಾಡಿರಬೇಕು" ಅಂದಳು.

ಅಮ್ಮನ ಭಯ ಸುಳ್ಳಲ್ಲ. ವಿಷಯ ಹೊರಗೆ ಬಿದ್ದರೆ ಜನ ಏನು ಮಾಡುತ್ತಾರೆ ಅಂತ ಅವರಿಗೆ ಗೊತ್ತು. ಆದರೆ ಕಾರಣ ಹೇಳದೆ ತಡೆದರೆ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ.

ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ತನ್ನ ಎಚ್‌ಐವಿ ವಿಷಯ ತಿಳಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ನಾನು ಒಂದೇ ಸಲ ಹೇಳಿ ಮುಗಿಸಲ್ಲ. ಮೊದಲು ಅಮ್ಮನ ಜೊತೆ ಕೂತು ಅಭ್ಯಾಸ ಮಾಡಿದೆ. "ಇದು ನಂಗೆ ಹೇಗೆ ಬಂತು?" ಅಂತ ಮಗಳು ಕೇಳಿದರೆ ಏನು ಹೇಳುತ್ತೀರಿ? ಆ ಪ್ರಶ್ನೆಗೆ ಅವರು ತುಂಬಾ ಹೊತ್ತು ಅತ್ತರು. ಈ ಕೆಲಸದಲ್ಲಿ ಜಾಸ್ತಿ ಸಮಯ ಹೋಗುವುದು ಮಗುವಿಗಲ್ಲ, ದೊಡ್ಡವರಿಗೆ. ಆಮೇಲೆ ಹುಡುಗಿಗೆ ಹೇಳಿದೆವು: ನಿನ್ನ ಮೈಯಲ್ಲಿ ಒಂದು ವೈರಸ್ ನಿದ್ದೆ ಮಾಡುತ್ತಿದೆ, ಮಾತ್ರೆ ಅದನ್ನು ಎಬ್ಬಿಸದೆ ಇಡುತ್ತದೆ. ಹೆಸರು ಹೇಳಿದ್ದು ಮುಂದಿನ ಭೇಟಿಗಳಲ್ಲಿ, ಅವಳೇ ಕೇಳಿದಾಗ.

ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನೋದನ್ನೂ ಆಟದ ಹಾಗೆ ಕಲಿಸಿದೆ. ನಾನು ಗೆಳತಿಯಾಗಿ "ಇದೇನು ಮಾತ್ರೆ?" ಅಂತ ಕೆದಕುತ್ತಿದ್ದೆ. ಅವಳು "ಡಾಕ್ಟರ್ ಕೊಟ್ಟಿದ್ದು, ಬಾ ಆಡೋಣ" ಅನ್ನುತ್ತಿದ್ದಳು. ಅಷ್ಟು ಸಾಕು. ಅದು ಸುಳ್ಳೂ ಅಲ್ಲ.

ಮಾತ್ರೆಯ ಹೊತ್ತನ್ನೂ ನೋಡಬೇಕು. ಹಿಂದೆ ಲೋಪಿನಾವಿರ್ ಸಿರಪ್ ದಿನಕ್ಕೆರಡು ಸಲ, ವಿಪರೀತ ಕಹಿ. ಈಗ ಡೊಲುಟೆಗ್ರಾವಿರ್ ಅನ್ನೋ ಔಷಧಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಸಾಕು. ಪುಟ್ಟ ಮಕ್ಕಳಿಗೆ ನೀರಲ್ಲಿ ಕರಗುವ ಮಾತ್ರೆಯೂ ಇದೆ. ಈ ಹುಡುಗಿ ಸಂಜೆ ಆಟದ ಮಧ್ಯೆ ಎದ್ದು ಬರಬೇಕಿತ್ತು. ಡಾಕ್ಟರ್ ಜೊತೆ ಮಾತಾಡಿ ಅದನ್ನು ಬೆಳಗ್ಗೆ ಹಲ್ಲುಜ್ಜಿದ ಮೇಲಕ್ಕೆ ತಂದೆವು.

ಬಿದ್ದು ಗಾಯವಾದರೆ ಅಂತ ಅಮ್ಮ ಕೇಳಿದರು. ಅಪ್ಪಿಕೊಂಡರೆ, ಒಟ್ಟಿಗೆ ಉಂಡರೆ, ಆಟದ ಸಾಮಾನು ಹಂಚಿಕೊಂಡರೆ ಎಚ್‌ಐವಿ ಹರಡಲ್ಲ. ರಕ್ತ ಬಂದರೆ ಸೋಪು ನೀರಲ್ಲಿ ತೊಳೆದು ಬಟ್ಟೆ ಕಟ್ಟುವುದು, ಒರೆಸುವವರು ಕೈಗವಸು ಹಾಕುವುದು. ಯಾವ ಮಗುವಿನ ಗಾಯಕ್ಕೂ ಇದೇ ಕ್ರಮ.

ವಿಷಯ ಪೂರ್ತಿ ಗೊತ್ತಿರುವ ದೊಡ್ಡ ಮಕ್ಕಳಿಗೆ ನಾನು ಗುಂಪು ನಡೆಸುತ್ತೇನೆ. ಮಾತ್ರೆ ತಪ್ಪಿಸುವುದು ಹದಿಹರೆಯದಲ್ಲೇ ಜಾಸ್ತಿ. "ಮದುವೆ ಆಗಬಹುದಾ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ನಾನು ಹೇಳಿದರೆ ಸುಮ್ನೆ ತಲೆ ಆಡಿಸುತ್ತಾರೆ. ಅದಕ್ಕೇ, ಎಚ್‌ಐವಿಯ ಜೊತೆಗೇ ಬೆಳೆದು ದೊಡ್ಡವರಾದ ಒಬ್ಬರನ್ನು ಕರೆಸುತ್ತೇನೆ. ಆ ಹೊತ್ತು ನಾನು ಕೋಣೆಯಲ್ಲಿ ಇರುವುದಿಲ್ಲ.